ಕಡಲ ತಡಿಯಿಂದ ಲೇಹ್‌ಗೆ: ಓಟಕ್ಕೆ ಮುನ್ನ ಆ ಊರನ್ನು ತಲುಪುವ ಬಗೆ

ತಣ್ಣೀರುಬಾವಿಯ ರಸ್ತೆಯಲ್ಲಿ, ಪಣಂಬೂರಿನ ಮರಳಿನಲ್ಲಿ, ಮಲ್ಪೆಯಿಂದ ಪಡುಕೆರೆಯ ಕಡೆಗಿನ ದಂಡೆಯಲ್ಲಿ ಓಡಿ ಅಭ್ಯಾಸವಾದವರು ಲಡಾಖಿನ ಓಟಕ್ಕೆ ಹೆಸರು ಕೊಟ್ಟ ಮೇಲೆ ನನ್ನಲ್ಲಿ ಕೇಳುವ ಪ್ರಶ್ನೆಗಳು ಹೆಚ್ಚಾಗಿ ತಯಾರಿಯವು. ವಾರಕ್ಕೆ ಎಷ್ಟು ಕಿಲೋಮೀಟರ್ ಓಡಬೇಕು, ಆಗುಂಬೆ ಘಾಟಿಯನ್ನು ಎಷ್ಟು ಸಲ ಹತ್ತಬೇಕು, ಯಾವ ಶೂ ಕೊಳ್ಳಬೇಕು ಎಂದು ಕೇಳುತ್ತಾರೆ. ಲೇಹ್‌ಗೆ ಯಾವ ದಿನ ತಲುಪಬೇಕು, ತಲುಪಿದ ದಿನ ಏನು ಮಾಡಬೇಕು, ಏನನ್ನು ಮಾಡಬಾರದು ಎಂದು ಕೇಳಿದವರು ತೀರ ಕಡಿಮೆ. ಸಮುದ್ರದ ಪಕ್ಕದಲ್ಲೇ ಹುಟ್ಟಿ ಬೆಳೆದ ನಮ್ಮಂಥವರ ಪಾಲಿಗೆ ಆ ಓಟದ ಅತ್ಯಂತ ಕಠಿಣವಾದ ಭಾಗ ವಿಮಾನದಿಂದ ಇಳಿದ ಮೊದಲ ಮೂರು ದಿನಗಳೇ ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಅದಕ್ಕಾಗಿಯೇ ಈ ಬರಹದಲ್ಲಿ ಓಟದ ತಯಾರಿಯ ವಿಷಯವನ್ನು ಬಿಟ್ಟು, ಲೇಹ್ ತಲುಪುವುದನ್ನಷ್ಟೇ ಹಂತ ಹಂತವಾಗಿ ವಿವರಿಸುತ್ತೇನೆ.

ಲೇಹ್ ಪಟ್ಟಣ ಸಮುದ್ರ ಮಟ್ಟದಿಂದ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ನಮ್ಮ ರಾಜ್ಯದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್, ನಾವು ಘಾಟಿ ಓಟಕ್ಕೆಂದು ಹೋಗುವ ಆಗುಂಬೆ ಸುಮಾರು 640 ಮೀಟರ್. ಅಂದರೆ ಕರ್ನಾಟಕದೊಳಗೆ ಎಲ್ಲಿ ಹೋಗಿ ಮಲಗಿದರೂ ಲೇಹ್‌ನ ಎತ್ತರಕ್ಕೆ ಮೈಯನ್ನು ಒಗ್ಗಿಸಿಕೊಳ್ಳಲು ಸಾಧ್ಯವಿಲ್ಲ. ಘಾಟಿ ಹತ್ತುವುದರಿಂದ ಕಾಲು ಗಟ್ಟಿಯಾಗುತ್ತದೆಯೇ ಹೊರತು ಉಸಿರಿಗೆ ಅಲ್ಲಿನ ಗಾಳಿಯ ಪರಿಚಯವಾಗುವುದಿಲ್ಲ. ಲೇಹ್‌ನಲ್ಲಿ ಗಾಳಿಯ ಒತ್ತಡ ಕಡಲ ತಡಿಯಲ್ಲಿರುವುದರ ಮೂರನೇ ಎರಡರಷ್ಟು ಮಾತ್ರ ಇರುವುದರಿಂದ ಪ್ರತಿ ಉಸಿರಿನಲ್ಲಿ ಒಳಗೆ ಹೋಗುವ ಆಮ್ಲಜನಕವೂ ಅಷ್ಟೇ ಪ್ರಮಾಣದಲ್ಲಿ ಕಡಿಮೆಯಾಗುತ್ತದೆ. 5,300 ಮೀಟರ್ ದಾಟುವ ಖರ್ದುಂಗ್ ಲಾ ಕಣಿವೆಮಾರ್ಗದಲ್ಲಿ ಅದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ.

ಮೊದಲ ಹೆಜ್ಜೆ: ದಿನಗಳ ಲೆಕ್ಕ

ಓಟದ ದಿನದಿಂದ ಹಿಂದಕ್ಕೆ ಎಣಿಸಿ. 2012ರಲ್ಲಿ ಆರಂಭವಾದ ಲಡಾಖ್ ಮ್ಯಾರಥಾನ್ ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ ನಡೆಯುತ್ತದೆ. ಲೇಹ್‌ನ ಆಸುಪಾಸಿನಲ್ಲೇ ಮುಗಿಯುವ ಅರ್ಧ ಅಥವಾ ಪೂರ್ಣ ಮ್ಯಾರಥಾನ್‌ಗೆ ಕನಿಷ್ಠ ಏಳು ರಾತ್ರಿಗಳನ್ನು ಅಲ್ಲಿ ಕಳೆದಿರಬೇಕು. ಖರ್ದುಂಗ್ ಹಳ್ಳಿಯಿಂದ ಹೊರಟು ಕಣಿವೆಮಾರ್ಗವನ್ನು ದಾಟಿ ಲೇಹ್‌ಗೆ ಇಳಿಯುವ 72 ಕಿಲೋಮೀಟರಿನ ಖರ್ದುಂಗ್ ಲಾ ಓಟಕ್ಕೆ ಹತ್ತರಿಂದ ಹನ್ನೆರಡು ರಾತ್ರಿಗಳಿಗಿಂತ ಕಡಿಮೆ ಇಟ್ಟುಕೊಳ್ಳಬೇಡಿ. ಈ ಎತ್ತರದ ಓಟಗಳಲ್ಲಿ ಇಂತಿಷ್ಟು ದಿನ ಮೊದಲೇ ಬಂದು ವೈದ್ಯಕೀಯ ತಪಾಸಣೆಗೆ ಹಾಜರಾಗಬೇಕೆಂಬ ನಿಯಮಗಳಿರುತ್ತವೆ. ಹಾಗಾಗಿ ಆ ವರ್ಷದ ನಿಯಮಾವಳಿಯನ್ನು ಪೂರ್ತಿ ಓದಿದ ನಂತರವೇ ಟಿಕೆಟ್ ತೆಗೆಯಿರಿ.

ನಮ್ಮೂರಿನವರಿಗೆ ಇಲ್ಲೊಂದು ತೊಡಕಿದೆ. ಉಡುಪಿಯ ಅಷ್ಟಮಿ, ವಿಟ್ಲಪಿಂಡಿ, ಮನೆಯ ಚೌತಿ ಎಲ್ಲವೂ ಇದೇ ದಿನಗಳ ಆಚೀಚೆ ಬರುತ್ತವೆ. ಹಬ್ಬ ಮುಗಿಸಿಯೇ ಹೊರಡುತ್ತೇನೆಂದು ನಾಲ್ಕು ದಿನ ಕಡಿತ ಮಾಡಿಕೊಂಡವರನ್ನು ನಾನು ಬಲ್ಲೆ. ಕಡಿತವಾಗುವುದು ರಜೆಯ ದಿನಗಳಲ್ಲ, ಮೈ ಒಗ್ಗುವ ದಿನಗಳು. ಮನೆಯವರೊಡನೆ ಈ ಮಾತನ್ನು ಜೂನ್ ತಿಂಗಳಲ್ಲೇ ಆಡಿ ಮುಗಿಸುವುದು ಒಳ್ಳೆಯದು.

ಏಳು ದಿನ ಏಕೆ ಎಂಬುದಕ್ಕೆ ಕಾರಣವಿದೆ. ಎತ್ತರಕ್ಕೆ ಹೋದ ಕೆಲವೇ ಗಂಟೆಗಳಲ್ಲಿ ದೇಹ ಉಸಿರಾಟವನ್ನು ಹೆಚ್ಚಿಸುತ್ತದೆ. ಹಾಗೆ ಹೆಚ್ಚು ಉಸಿರಾಡಿದಾಗ ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿ ಹೊರಹೋಗಿ ರಕ್ತ ಕ್ಷಾರೀಯವಾಗುತ್ತದೆ, ಅದನ್ನು ಸರಿದೂಗಿಸಲು ಮೂತ್ರಪಿಂಡಗಳು ಬೈಕಾರ್ಬನೇಟನ್ನು ಹೊರಹಾಕಬೇಕಾಗುತ್ತದೆ, ಈ ಕೆಲಸ ಮುಗಿಯಲು ಕೆಲವು ದಿನಗಳು ಬೇಕು. ಕೆಂಪು ರಕ್ತಕಣಗಳು ಗಣನೀಯವಾಗಿ ಹೆಚ್ಚಲು ಹಿಡಿಯುವ ಸಮಯ ದಿನಗಳಲ್ಲ, ವಾರಗಳು. ಆದ್ದರಿಂದ ಒಂದು ವಾರದಲ್ಲಿ ನಿಮಗೆ ದೊರೆಯುವುದು ಸುರಕ್ಷಿತವಾಗಿ ಓಡಬಲ್ಲ ಸ್ಥಿತಿ. ಮಂಗಳೂರಿನಲ್ಲಿ ಓಡುವ ವೇಗ ಅಲ್ಲಿ ದೊರೆಯುವುದಿಲ್ಲ, ಅದನ್ನು ನಿರೀಕ್ಷಿಸಲೂಬೇಡಿ.

ಎರಡನೆಯ ಹೆಜ್ಜೆ: ಊರು ಬಿಡುವ ಮುನ್ನ

ಹೊರಡುವುದಕ್ಕೆ ಒಂದೂವರೆ ತಿಂಗಳು ಮೊದಲು ವೈದ್ಯರನ್ನು ಕಾಣಿ. ಹಿಮೋಗ್ಲೋಬಿನ್ ಮತ್ತು ಕಬ್ಬಿಣಾಂಶ, ರಕ್ತದೊತ್ತಡ, ವಯಸ್ಸಿಗೆ ತಕ್ಕಂತೆ ಹೃದಯದ ಪರೀಕ್ಷೆ, ಇವಿಷ್ಟನ್ನು ಮಾಡಿಸಿಕೊಳ್ಳಿ. ರಕ್ತಹೀನತೆ ಕಂಡುಬಂದರೆ ಸರಿಪಡಿಸಿಕೊಳ್ಳಲು ಆಗ ಸಮಯ ಉಳಿದಿರುತ್ತದೆ. ಅದೇ ಭೇಟಿಯಲ್ಲಿ ಅಸೆಟಜೋಲಮೈಡ್ ಮಾತ್ರೆಯ ಬಗ್ಗೆಯೂ ಕೇಳಿ. ಡಯಾಮಾಕ್ಸ್ ಎಂದರೆ ಔಷಧಿ ಅಂಗಡಿಯವರಿಗೆ ತಿಳಿಯುತ್ತದೆ. ಮೂತ್ರಪಿಂಡಗಳು ಬೈಕಾರ್ಬನೇಟನ್ನು ಬೇಗ ಹೊರಹಾಕುವಂತೆ ಮಾಡಿ ಇದು ಒಗ್ಗುವಿಕೆಗೆ ನೆರವಾಗುತ್ತದೆ. ಸಾಮಾನ್ಯವಾಗಿ 125 ಮಿಲಿಗ್ರಾಂನಂತೆ ದಿನಕ್ಕೆರಡು ಬಾರಿ, ಎತ್ತರಕ್ಕೆ ಹೋಗುವ ಹಿಂದಿನ ದಿನದಿಂದ ಆರಂಭಿಸಲು ಹೇಳುತ್ತಾರೆ. ಆದರೆ ಸಲ್ಫಾ ಔಷಧಿಗಳು ಆಗದವರು ಮತ್ತು ಮೂತ್ರಪಿಂಡದ ತೊಂದರೆ ಇರುವವರು ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಬೆರಳ ತುದಿ ಜುಮುಗುಟ್ಟುವುದು, ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುವುದು ಈ ಮಾತ್ರೆಯ ಸಹಜ ಪರಿಣಾಮಗಳು. ಓಟಗಾರರು ತಿಳಿದಿರಲೇಬೇಕಾದ ಇನ್ನೊಂದು ಸಂಗತಿಯೆಂದರೆ, ಇದು ಮೂತ್ರವರ್ಧಕವಾದ್ದರಿಂದ ಕ್ರೀಡೆಯಲ್ಲಿ ಉದ್ದೀಪನ ಮದ್ದು ತಡೆಯುವ ಜಾಗತಿಕ ಸಂಸ್ಥೆ ವಾಡಾದ ನಿಷೇಧಿತ ಔಷಧಿಗಳ ಪಟ್ಟಿಯಲ್ಲಿದೆ. ಉದ್ದೀಪನ ಮದ್ದು ಪರೀಕ್ಷೆಗೆ ಒಳಪಡುವ ಮಟ್ಟದಲ್ಲಿ ಸ್ಪರ್ಧಿಸುವವರು ಇದನ್ನು ನುಂಗುವ ಮೊದಲು ಅನುಮತಿಯ ವಿಚಾರವನ್ನು ಇತ್ಯರ್ಥ ಮಾಡಿಕೊಳ್ಳಬೇಕು.

ಫೋನಿನ ವಿಷಯದಲ್ಲಿ ಹಲವರು ಎಡವುತ್ತಾರೆ. ಹೊರ ರಾಜ್ಯಗಳ ಪ್ರೀಪೇಯ್ಡ್ ಸಿಮ್ ಲಡಾಖಿನಲ್ಲಿ ಕೆಲಸ ಮಾಡುವುದಿಲ್ಲ, ಪೋಸ್ಟ್‌ಪೇಯ್ಡ್ ಮಾತ್ರ ನಡೆಯುತ್ತದೆ. ಹೊರಡುವ ಮೊದಲೇ ಬದಲಾಯಿಸಿಕೊಳ್ಳಿ, ಇಲ್ಲವಾದರೆ ತಲುಪಿದೆ ಎಂದು ಮನೆಗೆ ಒಂದು ಕರೆ ಮಾಡಲಿಕ್ಕೂ ಆಗದೆ, ಇಲ್ಲಿ ಅಮ್ಮ ರಾತ್ರಿಯಿಡೀ ಎಚ್ಚರವಿರಬೇಕಾಗುತ್ತದೆ.

ಗಂಟು ಕಟ್ಟುವಾಗ ನೆನಪಿಡಬೇಕಾದದ್ದು ಒಣಹವೆ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ, ಲೇಹ್‌ನಲ್ಲಿ ಬೀಳುವುದು ಸುಮಾರು 100 ಮಿಲಿಮೀಟರ್. ಆಗಸ್ಟ್‌ನಲ್ಲಿ ನಮ್ಮ ಮನೆಯ ಚಾವಡಿಯಲ್ಲಿ ಎರಡು ದಿನ ಹರಡಿದರೂ ಒಣಗದ ಬೈರಾಸು ಲೇಹ್‌ನ ಕೋಣೆಯಲ್ಲಿ ನೋಡನೋಡುತ್ತಿದ್ದಂತೆ ಗರಿಗರಿಯಾಗುತ್ತದೆ. ಬಟ್ಟೆಯಿಂದ ಹೋಗುವಂತೆಯೇ ನೀರು ಮೂಗಿನಿಂದ, ಗಂಟಲಿನಿಂದ, ಚರ್ಮದಿಂದಲೂ ಹೋಗುತ್ತಿರುತ್ತದೆ. ರಾತ್ರಿ ಒಂದು ಬೈರಾಸನ್ನು ಒದ್ದೆ ಮಾಡಿ ಹಾಸಿಗೆಯ ಪಕ್ಕದ ಕುರ್ಚಿಗೆ ಹಾಕಿದರೆ ಬೆಳಿಗ್ಗೆ ಮೂಗಿನಲ್ಲಿ ರಕ್ತದ ಹಕ್ಕಳೆ ಕಟ್ಟುವುದು ಕಡಿಮೆಯಾಗುತ್ತದೆ. ತೆಂಗಿನೆಣ್ಣೆಯನ್ನು ಬಾಯಿ ಅಗಲವಾದ ಡಬ್ಬಿಯಲ್ಲೇ ಒಯ್ಯಿರಿ, ಏಕೆಂದರೆ ಆ ಚಳಿಗೆ ಅದು ಮೇಣದಂತೆ ಗಟ್ಟಿಯಾಗಿ ಸಣ್ಣ ಬಾಯಿಯ ಬಾಟಲಿಯಿಂದ ಹೊರಗೆ ಬರುವುದಿಲ್ಲ. ಬಿಸಿಲಿಗೆ ಸನ್‌ಸ್ಕ್ರೀನ್, ಕಪ್ಪು ಕನ್ನಡಕ, ತುಟಿಗೆ ಮುಲಾಮು, ನಸುಕಿನ ಚಳಿಗೆ ಕೈಗವಸು ಮತ್ತು ಉಣ್ಣೆಯ ಟೋಪಿ ಬೇಕೇ ಬೇಕು. ಎತ್ತರದಲ್ಲಿ ಹೊರಗಿನ ಒತ್ತಡ ತಗ್ಗುವುದರಿಂದ ಮುಚ್ಚಿದ ಪೊಟ್ಟಣಗಳೆಲ್ಲ ಊದಿಕೊಳ್ಳುತ್ತವೆ. ಮಿಡಿ ಉಪ್ಪಿನಕಾಯಿಯ ಬಾಟಲಿಯನ್ನು ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಸುತ್ತದೆ ಓಟದ ಬಟ್ಟೆಗಳ ನಡುವೆ ಇಡಬೇಡಿ.

ಮೂರನೆಯ ಹೆಜ್ಜೆ: ದಾರಿಯ ಆಯ್ಕೆ

ಬಜ್ಪೆಯಿಂದ ಲೇಹ್‌ಗೆ ಹೋಗುವವರು ಸಾಮಾನ್ಯವಾಗಿ ಬೆಂಗಳೂರು ಅಥವಾ ಮುಂಬಯಿಯ ಮೂಲಕ ದೆಹಲಿ ಸೇರಿ, ಅಲ್ಲಿಂದ ನಸುಕಿನ ವಿಮಾನ ಹಿಡಿಯುತ್ತಾರೆ. ಮಧ್ಯಾಹ್ನವಾಗುತ್ತಿದ್ದಂತೆ ಲೇಹ್ ಕಣಿವೆಯಲ್ಲಿ ಗಾಳಿ ಬಲವಾಗುವುದರಿಂದ ವಿಮಾನಗಳ ಓಡಾಟವೆಲ್ಲ ಹೆಚ್ಚಾಗಿ ಬೆಳಗಿನ ಹೊತ್ತಿನಲ್ಲೇ ಮುಗಿಯುತ್ತದೆ. ಮೋಡ ಕವಿದ ದಿನ ವಿಮಾನ ರದ್ದಾದರೆ ಮುಂದಿನ ಅವಕಾಶ ಮರುದಿನ ಬೆಳಿಗ್ಗೆಯೇ. ಇತ್ತ ನಮ್ಮ ಬಜ್ಪೆಯಲ್ಲೂ ಮಳೆಗಾಲದ ಮಂಜು ಮತ್ತು ಮಳೆಯಿಂದ ವಿಮಾನಗಳು ತಡವಾಗುವುದು ಹೊಸತೇನಲ್ಲ. ಆದ್ದರಿಂದ ದೆಹಲಿಯಲ್ಲಿ ಒಂದು ರಾತ್ರಿ ತಂಗುವಂತೆ ಯೋಜಿಸಿ, ನಿಮ್ಮ ಲೆಕ್ಕಕ್ಕೆ ಒಂದು ಹೆಚ್ಚುವರಿ ದಿನವನ್ನೂ ಸೇರಿಸಿ. ಓಟದ ಶೂ, ಒಂದು ಜೊತೆ ಓಟದ ಬಟ್ಟೆ, ಔಷಧಿ, ವೈದ್ಯರ ಪ್ರಮಾಣಪತ್ರ, ಇವು ಕೈಚೀಲದಲ್ಲೇ ಇರಲಿ. ಉಳಿದ ಸಾಮಾನು ಒಂದು ದಿನ ತಡವಾಗಿ ಬಂದರೂ ನಡೆಯುತ್ತದೆ, ಪಳಗಿದ ಶೂ ಮಾತ್ರ ಲೇಹ್‌ನ ಅಂಗಡಿಯಲ್ಲಿ ಸಿಗುವುದಿಲ್ಲ.

ಸಮಯವಿರುವವರಿಗೆ ನನ್ನ ಸಲಹೆ ಬೇರೆಯೇ. ಉಡುಪಿಯಿಂದಲೋ ಮಂಗಳೂರು ಜಂಕ್ಷನ್‌ನಿಂದಲೋ ಮಂಗಳಾ ಎಕ್ಸ್‌ಪ್ರೆಸ್ ಹತ್ತಿದರೆ ರೈಲಿನಲ್ಲಿ ಎರಡು ರಾತ್ರಿ ಕಳೆದು ದೆಹಲಿಯ ನಿಜಾಮುದ್ದೀನ್ ತಲುಪಬಹುದು. ಅಲ್ಲಿಂದ ಶ್ರೀನಗರಕ್ಕೆ ಹೋಗಿ ರಸ್ತೆಯ ಮೂಲಕ ಲೇಹ್‌ಗೆ ಹೋಗಿ. ಶ್ರೀನಗರ ಸುಮಾರು 1,600 ಮೀಟರ್, ಕಾರ್ಗಿಲ್ ಸುಮಾರು 2,700 ಮೀಟರ್, ಆಮೇಲೆ ಲೇಹ್. ಶ್ರೀನಗರದಲ್ಲೊಂದು, ಕಾರ್ಗಿಲ್‌ನಲ್ಲೊಂದು ರಾತ್ರಿ ಮಲಗಿ ಹೋದವರಿಗೆ ಎತ್ತರ ಮೆಟ್ಟಿಲು ಮೆಟ್ಟಿಲಾಗಿ ಎದುರಾಗುತ್ತದೆ. ದಾರಿಯಲ್ಲಿ ಜೋಜಿ ಲಾ, ಫೋತು ಲಾ ದಾಟುವಾಗ ಸ್ವಲ್ಪ ಹೊತ್ತು ಹೆಚ್ಚು ಎತ್ತರದಲ್ಲಿದ್ದರೂ ಮಲಗುವ ಜಾಗ ಕೆಳಗಿರುತ್ತದೆ, ಮೈ ಒಗ್ಗಲು ಮುಖ್ಯವಾದದ್ದು ಮಲಗುವ ಎತ್ತರವೇ. ಮನಾಲಿಯ ದಾರಿಯನ್ನು ಮಾತ್ರ ಓಟಗಾರರಿಗೆ ನಾನು ಸೂಚಿಸುವುದಿಲ್ಲ. 2020ರಲ್ಲಿ ಅಟಲ್ ಸುರಂಗ ತೆರೆದ ಮೇಲೆ ಪಯಣ ಹಗುರವಾಗಿದೆ, ನಿಜ. ಆದರೆ ಹಲವರು ರಾತ್ರಿ ತಂಗುವ ಸರ್ಚು 4,200 ಮೀಟರಿಗೂ ಮೇಲಿದೆ. ಲೇಹ್‌ಗೆ ಒಗ್ಗುವ ಮೊದಲೇ ಲೇಹ್‌ಗಿಂತ ಎತ್ತರದಲ್ಲಿ ಮಲಗಿ ತಲೆನೋವಿನೊಂದಿಗೆ ಊರು ಪ್ರವೇಶಿಸುವುದರಲ್ಲಿ ಅರ್ಥವಿಲ್ಲ.

ನಾಲ್ಕನೆಯ ಹೆಜ್ಜೆ: ಇಳಿದ ದಿನ

ಈ ದಿನದ ಬಗ್ಗೆ ಹೆಚ್ಚು ಬರೆಯುತ್ತೇನೆ, ಏಕೆಂದರೆ ನಾನು ಪಾಠ ಕಲಿತದ್ದು ಈ ದಿನದಲ್ಲೇ.

ಮೊದಲ ಸಲ ಲೇಹ್‌ನ ಕುಶೋಕ್ ಬಕುಲಾ ರಿಂಪೋಚೆ ವಿಮಾನ ನಿಲ್ದಾಣದಲ್ಲಿ ಇಳಿದಾಗ ಬೆಳಿಗ್ಗೆ ಎಂಟು ಗಂಟೆಯೂ ಆಗಿರಲಿಲ್ಲ. ಆಕಾಶ ಶುಭ್ರವಾಗಿತ್ತು, ಗಾಳಿ ತಂಪಾಗಿತ್ತು, ಮೈ ಹಗುರವೆನಿಸಿತ್ತು. ನಮ್ಮ ಸೆಕೆ ಮತ್ತು ಬೆವರಿನಲ್ಲಿ ಅಭ್ಯಾಸ ಮಾಡಿ ಬಂದವನಿಗೆ ಆ ತಂಪು ಓಡಲು ಕರೆಯುತ್ತಿರುವಂತೆ ತೋರಿತು. ಸಂಜೆ ಚಂಗ್‌ಸ್ಪಾ ಕಡೆಯ ಏರಿನಲ್ಲಿ ಐದು ಕಿಲೋಮೀಟರ್ ಓಡಿದೆ. ರಾತ್ರಿ ಹನ್ನೊಂದರ ಹೊತ್ತಿಗೆ ತಲೆಯ ಹಿಂಭಾಗದಲ್ಲಿ ಶುರುವಾದ ನೋವು ಕಣ್ಣಿನ ಹಿಂದಕ್ಕೆ ಬಂದು ನಿಂತಿತು. ತಿಂದದ್ದೆಲ್ಲ ವಾಂತಿಯಾಯಿತು, ಮಲಗಿದರೆ ಉಸಿರು ಕಟ್ಟಿದಂತಾಗಿ ಎದ್ದು ಕೂರಬೇಕಾಗುತ್ತಿತ್ತು. ಬೆಳಿಗ್ಗೆ ನಾನು ಉಳಿದುಕೊಂಡಿದ್ದ ಮನೆಯ ಅಮ್ಮ ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿದವರೇ ಮಗನನ್ನು ಕರೆದು ಕಾರು ತೆಗೆಯಲು ಹೇಳಿದರು. ಆಸ್ಪತ್ರೆಯಲ್ಲಿ ಕೆಲವು ಗಂಟೆ ಆಮ್ಲಜನಕ ಕೊಟ್ಟರು, ಮೂರು ದಿನ ಕೋಣೆ ಬಿಟ್ಟು ಕದಲಬಾರದೆಂದರು. ಎತ್ತರದ ಕಾಯಿಲೆ ಹೆಚ್ಚಾಗಿ ಆರರಿಂದ ಹನ್ನೆರಡು ಗಂಟೆಗಳ ನಂತರ ತಲೆದೋರುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ಇಳಿದ ಬೆಳಿಗ್ಗೆ ಚೆನ್ನಾಗಿದ್ದೇನೆ ಎಂದು ಅನಿಸುವುದು ಯಾವುದಕ್ಕೂ ಪ್ರಮಾಣವಲ್ಲ. ಚೆನ್ನಾಗಿ ಓಡಬಲ್ಲವರಿಗೆ ಈ ಕಾಯಿಲೆ ಬರುವುದಿಲ್ಲ ಎಂಬ ನಂಬಿಕೆಗೂ ಆಧಾರವಿಲ್ಲ.

ಹಾಗಾಗಿ ಇಳಿದ ದಿನ ಹೀಗೆ ಮಾಡಿ. ಸಾಮಾನು ಬರುವ ತನಕ ಕುಳಿತಿರಿ, ಭಾರದ ಚೀಲವನ್ನು ಒಬ್ಬರೇ ಎತ್ತಬೇಡಿ. ಕೋಣೆಯನ್ನು ಕಾಯ್ದಿರಿಸುವಾಗಲೇ ನೆಲಮಹಡಿಯದ್ದನ್ನು ಕೇಳಿ. ಉಳಿದುಕೊಳ್ಳುವ ಮನೆಯವರನ್ನು ಕಂಡಾಗ ‘ಜುಲೇ’ ಎನ್ನಿ, ನಮಸ್ಕಾರಕ್ಕೂ ಕೃತಜ್ಞತೆಗೂ ಅಲ್ಲಿ ಅದೇ ಮಾತು. ಹಿರಿಯ ಹೆಂಗಸರನ್ನು ‘ಅಮಾ-ಲೇ’ ಎಂದು ಕರೆಯುವುದು ವಾಡಿಕೆ. ಈ ಊರಿನ ಹವೆ ನನಗೆ ಹೊಸದು, ರಾತ್ರಿ ಬಾಗಿಲು ತಟ್ಟಬೇಕಾಗಬಹುದು ಎಂದು ಅವರಿಗೆ ಮೊದಲೇ ತಿಳಿಸಿಡಿ. ಹಗಲು ಒರಗಿಕೊಂಡು ವಿಶ್ರಾಂತಿ ತೆಗೆದುಕೊಳ್ಳಿ, ಆದರೆ ಗಾಢವಾಗಿ ನಿದ್ದೆ ಹೋಗದಿರುವುದು ಉತ್ತಮ, ನಿದ್ದೆಯಲ್ಲಿ ಉಸಿರಾಟ ಇನ್ನೂ ತಗ್ಗುತ್ತದೆ. ಬಿಸಿನೀರನ್ನು ಆಗಾಗ ಗುಟುಕರಿಸುತ್ತಿರಿ. ಮೂತ್ರದ ಬಣ್ಣ ತಿಳಿಹಳದಿಯಾಗಿದ್ದರೆ ಸಾಕು, ಲೀಟರುಗಟ್ಟಲೆ ಬಲವಂತವಾಗಿ ಕುಡಿದರೆ ರಕ್ತದ ಸೋಡಿಯಂ ಇಳಿದು ಬೇರೆ ಅಪಾಯ ಬರುತ್ತದೆ. ಮದ್ಯ, ಸಿಗರೇಟು, ನಿದ್ದೆಮಾತ್ರೆ ಯಾವುದೂ ಬೇಡ. ರಾತ್ರಿ ನಿದ್ದೆಯ ನಡುವೆ ಉಸಿರು ಕ್ಷಣಕಾಲ ನಿಂತು ಮತ್ತೆ ಜೋರಾಗಿ ಆರಂಭವಾದಂತಾಗಿ ಎಚ್ಚರವಾಗಬಹುದು. ಎತ್ತರದಲ್ಲಿ ಅದು ಸಾಮಾನ್ಯ, ಅದೊಂದಕ್ಕೇ ಗಾಬರಿಯಾಗಬೇಕಿಲ್ಲ.

ಕೋವಿಡ್ ಕಾಲದಲ್ಲಿ ತಂದಿಟ್ಟ ಆಕ್ಸಿಮೀಟರ್ ನಿಮ್ಮ ಮನೆಯ ಕಪಾಟಿನಲ್ಲಿದ್ದರೆ ಹೊಸ ಬ್ಯಾಟರಿ ಹಾಕಿ ಒಯ್ಯಿರಿ. ಆದರೆ ಆಗ ಕಲಿತ ಅಂಕಿಗಳನ್ನು ಊರಲ್ಲೇ ಬಿಟ್ಟು ಹೋಗಿ. 94ಕ್ಕಿಂತ ಕೆಳಗಿಳಿದರೆ ಆಸ್ಪತ್ರೆ ಎಂಬುದು ಕಡಲ ತಡಿಯ ಮಾತು. ಲೇಹ್‌ನಲ್ಲಿ ಮೊದಲ ದಿನ 85ರಿಂದ 90ರ ನಡುವೆ ಇರುವುದು ಅಪರೂಪವಲ್ಲ. ಬೆರಳನ್ನು ಉಜ್ಜಿ ಬಿಸಿ ಮಾಡಿಕೊಂಡು, ಐದು ನಿಮಿಷ ಕುಳಿತ ನಂತರ, ದಿನವೂ ಒಂದೇ ಹೊತ್ತಿಗೆ ನೋಡಿ ಬರೆದಿಡಿ. ಒಂದು ದಿನದ ಅಂಕಿಗಿಂತ ಅದು ದಿನದಿಂದ ದಿನಕ್ಕೆ ಏರುತ್ತಿದೆಯೇ ಎಂಬುದು ಮುಖ್ಯ, ಅದಕ್ಕಿಂತಲೂ ಮುಖ್ಯ ನಿಮಗೆ ಹೇಗನಿಸುತ್ತಿದೆ ಎಂಬುದು.

ಅಪಾಯದ ಲಕ್ಷಣಗಳು

ತಲೆನೋವಿನ ಜೊತೆಗೆ ಓಕರಿಕೆ, ಅತಿಯಾದ ಸುಸ್ತು, ತಲೆಸುತ್ತು, ಇವುಗಳಲ್ಲಿ ಒಂದಾದರೂ ಇದ್ದರೆ ಅದನ್ನು ಎತ್ತರದ ಕಾಯಿಲೆಯೆಂದೇ ತಿಳಿದು ಪೂರ್ತಿ ವಿಶ್ರಾಂತಿ ತೆಗೆದುಕೊಳ್ಳಿ, ಮೇಲಕ್ಕೆ ಹೋಗಬೇಡಿ. ಹೆಚ್ಚಿನವರಿಗೆ ಒಂದೆರಡು ದಿನಗಳಲ್ಲಿ ಅದು ಇಳಿಯುತ್ತದೆ. ಆದರೆ ಸುಮ್ಮನೆ ಕುಳಿತಿದ್ದಾಗಲೂ ಏದುಸಿರು, ಬಿಡದ ಕೆಮ್ಮು, ಗುಲಾಬಿ ಬಣ್ಣದ ನೊರೆ ಕಫ ಕಾಣಿಸಿದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ ಎಂದರ್ಥ. ಮಾತು ತೊದಲಿದರೆ, ಗೊಂದಲವಾದರೆ, ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸುತ್ತ ನೇರ ಗೆರೆಯಲ್ಲಿ ಹತ್ತು ಹೆಜ್ಜೆ ನಡೆಯಲಾಗದಿದ್ದರೆ ಮೆದುಳಿನಲ್ಲಿ ಊತ ಶುರುವಾಗಿರಬಹುದು. ಆಗ ಬೆಳಗಾಗುವುದನ್ನು ಕಾಯಬಾರದು. ಲೇಹ್‌ನ ಎಸ್‌ಎನ್‌ಎಂ ಆಸ್ಪತ್ರೆ ಇಂಥ ರೋಗಿಗಳನ್ನು ನೋಡಿ ಪಳಗಿದೆ, ಕೂಡಲೇ ಹೋಗಿ. ಈ ಎರಡು ಸ್ಥಿತಿಗಳಲ್ಲಿ ನಿಜವಾದ ಚಿಕಿತ್ಸೆ ಆಮ್ಲಜನಕ ಮತ್ತು ಕೆಳಗಿಳಿಯುವುದು. ಓಟಕ್ಕೆ ಕಟ್ಟಿದ ಶುಲ್ಕ, ಊರಿನಲ್ಲಿ ಹೇಳಿಬಂದ ಮಾತು ಯಾವುದನ್ನೂ ಆ ಹೊತ್ತಿನಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಐದನೆಯ ಹೆಜ್ಜೆ: ಎರಡನೆಯ ದಿನದಿಂದ ಓಟದ ಮುನ್ನಾದಿನದವರೆಗೆ

ಎರಡನೆಯ ದಿನ ಮುಖ್ಯ ಬಜಾರಿನವರೆಗೆ ನಿಧಾನವಾಗಿ ನಡೆದು ಬನ್ನಿ. ಮೂರನೆಯ ದಿನ ಲೇಹ್ ಅರಮನೆಯ ಏರು, ನಾಲ್ಕನೆಯ ದಿನ ಶಾಂತಿ ಸ್ತೂಪದ ಸುಮಾರು ಐನೂರು ಮೆಟ್ಟಿಲು. ನಡುನಡುವೆ ನಿಂತು, ಮಾತನಾಡಲು ಉಸಿರು ಸಾಲುವಷ್ಟೇ ವೇಗದಲ್ಲಿ ಹತ್ತಿ. ತಲೆನೋವಿಲ್ಲದೆ ರಾತ್ರಿ ಕಳೆದಿದ್ದರೆ ಮಾತ್ರ ಮರುದಿನ ಇಪ್ಪತ್ತು ನಿಮಿಷದ ಮೆಲ್ಲೋಟ ಆರಂಭಿಸಿ. ಪ್ರತಿ ಕಿಲೋಮೀಟರಿಗೆ ಒಂದು ನಿಮಿಷಕ್ಕೂ ಹೆಚ್ಚು ನಿಧಾನವಾಗುವುದು ಸಹಜ, ಕೈಗಡಿಯಾರದ ವೇಗವನ್ನು ನೋಡದೆ ಉಸಿರನ್ನು ಕೇಳಿಕೊಂಡು ಓಡಿ. ಲೇಹ್‌ನಿಂದ ಸಿಂಧೂ ನದಿಯ ಕಡೆಗೆ ಹೋಗುವ ದಾರಿಗಳೆಲ್ಲ ಇಳಿಜಾರು. ಸ್ಪಿತುಕ್ ಕಡೆಗೆ ಇಳಿದು ಓಡುವುದು ಬಹಳ ಸುಲಭವೆನಿಸಿ, ಹಿಂದಿರುಗುವ ಏರಿನಲ್ಲಿ ಶಕ್ತಿಯೆಲ್ಲ ಸೋರಿಹೋಗುತ್ತದೆ. ಮೊದಲ ಓಟಗಳಲ್ಲಿ ಏರನ್ನು ಮೊದಲು ಮುಗಿಸಿ, ಇಳಿಜಾರಿನಲ್ಲಿ ಮನೆಗೆ ಬನ್ನಿ.

ಊಟದ ವಿಷಯದಲ್ಲಿ ಕರಾವಳಿಯವರಿಗೆ ಕಾಡುವ ಕೊರಗು ಗಂಜಿ. ಲೇಹ್‌ನಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುವುದರಿಂದ ಕುಚ್ಚಲಕ್ಕಿ ತೆರೆದ ಪಾತ್ರೆಯಲ್ಲಿ ಎಷ್ಟು ಹೊತ್ತಾದರೂ ಬೇಯುವುದಿಲ್ಲ. ಎರಡು ಕಿಲೋ ಅಕ್ಕಿ ಒಯ್ದು, ಉಳಿದುಕೊಂಡ ಮನೆಯವರ ಕುಕ್ಕರಿನಲ್ಲಿ ಊರಿನ ಲೆಕ್ಕಕ್ಕಿಂತ ಹೆಚ್ಚು ಸೀಟಿ ಕೂಗಿಸಿದರೆ ಗಂಜಿಯೂ ಉಪ್ಪಿನಕಾಯಿಯೂ ಸಿದ್ಧ. ಹಸಿವು ಮಂದವಾಗಿರುವ ಮೊದಲ ದಿನಗಳಲ್ಲಿ ಗಂಜಿಯಂಥ ಮೆದುವಾದ, ನೀರಿನಂಶವಿರುವ ಊಟವೇ ಹಿತ. ಅಲ್ಲಿನ ನೂಡಲ್ಸ್ ಸೂಪಾದ ಥುಕ್ಪಾ ಕೂಡ ಇದೇ ಗುಣದ್ದು. ಖಂಬೀರ್ ರೊಟ್ಟಿ, ಜಲ್ದರು ಹಣ್ಣುಗಳನ್ನು ಮೈ ಒಗ್ಗಿದ ಮೇಲೆ ತಿನ್ನಿ. ಎಣ್ಣೆಯಲ್ಲಿ ಕರಿದದ್ದನ್ನು ಓಟ ಮುಗಿಯುವ ತನಕ ದೂರವಿಡಿ.

ಖರ್ದುಂಗ್ ಲಾ ಓಟಕ್ಕೆ ಹೋಗುವವರು ಆರನೆಯ ಅಥವಾ ಏಳನೆಯ ದಿನ ವಾಹನದಲ್ಲಿ ಕಣಿವೆಮಾರ್ಗದವರೆಗೆ ಹೋಗಿ, ಹತ್ತು ಹದಿನೈದು ನಿಮಿಷ ಮೆಲ್ಲನೆ ನಡೆದಾಡಿ, ಮಲಗಲು ಲೇಹ್‌ಗೇ ಹಿಂದಿರುಗಬೇಕು. ಒಂದೆರಡು ದಿನ ಬಿಟ್ಟು ಮತ್ತೊಮ್ಮೆ ಹೋಗಿ, ಕಣಿವೆಮಾರ್ಗಕ್ಕಿಂತ ಕೆಳಗೆ ಲೇಹ್ ಕಡೆಯಲ್ಲಿರುವ ಸೌತ್ ಪುಲ್ಲುವಿನ ಆಸುಪಾಸಿನಲ್ಲಿ ಕೆಲವು ಕಿಲೋಮೀಟರ್ ನಡೆದರೆ ಇನ್ನೂ ಒಳ್ಳೆಯದು. ಆ ಓಟದಲ್ಲಿ ಮೊದಲ ಸುಮಾರು 32 ಕಿಲೋಮೀಟರ್ ಏರು, ಉಳಿದ 40 ಕಿಲೋಮೀಟರ್ ಇಳಿಜಾರು. ಹೊರಡುವುದು ನಸುಕಿನ ಮೂರು ಗಂಟೆಗೆ. ಸುಮಾರು 4,000 ಮೀಟರ್ ಎತ್ತರದ ಖರ್ದುಂಗ್ ಹಳ್ಳಿಗೆ ಹಿಂದಿನ ದಿನವೇ ಕರೆದೊಯ್ಯುತ್ತಾರೆ. ಅಂದು ರಾತ್ರಿ ಏಳಕ್ಕೇ ಊಟ ಮುಗಿಸಿ. ಧರಿಸಬೇಕಾದ ಬಟ್ಟೆಗಳನ್ನು ತೊಡುವ ಕ್ರಮದಲ್ಲೇ ತಲೆದಿಂಬಿನ ಪಕ್ಕದಲ್ಲಿ ಜೋಡಿಸಿಡಿ. ಹಣೆದೀಪದ ಬ್ಯಾಟರಿಯನ್ನೂ ಫೋನನ್ನೂ ಹೊದಿಕೆಯೊಳಗೆ ಇಟ್ಟುಕೊಳ್ಳಿ, ಚಳಿಗೆ ಅವು ಬೇಗ ಬರಿದಾಗುತ್ತವೆ. ಮನೆಯವರಿಂದ ಬಿಸಿನೀರು ಕೇಳಿ ಪಡೆದು ಬಾಟಲಿ ತುಂಬಿ, ಮುಚ್ಚಳ ಬಿಗಿ ಮಾಡಿ, ಅದನ್ನೂ ಕಾಲ ಬಳಿ ಹೊದಿಕೆಯೊಳಗೆ ಇಡಿ. ನಸುಕಿನಲ್ಲಿ ಎದ್ದಾಗ ಕುಡಿಯಲು ಆ ನೀರು ಇನ್ನೂ ಉಗುರುಬೆಚ್ಚಗೆ ಇರುತ್ತದೆ.